ಬಿಟ್ಟ ಮೀನಿನ ಸುದ್ದಿ

ಫೆಬ್ರವರಿ 9

ಬಂದರಿನ ದಕ್ಕೆ, ಮಧ್ಯಾಹ್ನ. ಗಾಳಿ ಕಡಿಮೆ, ಅಲೆ ಸಣ್ಣದು. ದೋಣಿಯಲ್ಲಿ ಮೂವರು: ನಾನು, ಎಂಜಿನ್ ನೋಡಿಕೊಳ್ಳುವವನು, ವಾರಕ್ಕೊಮ್ಮೆ ಗಾಳ ಹಾಕಲು ಬರುವ ಹಲ್ಲಿನ ಡಾಕ್ಟರು.

ಕನ್ನಡಕದವಳೇ,

ನೀನು ಕಳಿಸಿದ ಹಳದಿ ಟ್ಯಾಗುಗಳು ಬಂದವು. ಮೊದಲನೆಯದನ್ನು ಇವತ್ತೇ ಹಾಕಿದೆ. ಅರುವತ್ತು ಮಾರು ಆಳ, ಕಲ್ಲಿನ ತಳ. ಡಾಕ್ಟರ ಗಾಳಕ್ಕೆ ಬಂಡೆಯಡಿಯ ಮುರು ಜಾತಿಯ ಮೀನೊಂದು ಸಿಕ್ಕಿತು. ಮೇಲೆ ಬರುವಷ್ಟರಲ್ಲಿ, ನೀನು ಹೇಳಿದ ಹಾಗೆಯೇ, ಒಳಗಿನ ಗಾಳಿಚೀಲ ಊದಿಕೊಂಡು ಹೊಟ್ಟೆ ಬಾಯಿಂದ ಹೊರಗೆ ಬಂದಿತ್ತು. ಕಣ್ಣು ಗೋಲಿಯಂತೆ ಉಬ್ಬಿತ್ತು. ನೀರಿಗೆ ಬಿಟ್ಟರೆ ಮುಳುಗುವುದಿಲ್ಲ, ಚೆಂಡಿನಂತೆ ತೇಲುತ್ತದೆ. ಹಕ್ಕಿಗಳು ಆಗಲೇ ಮೇಲೆ ಸುತ್ತು ಹಾಕುತ್ತಿದ್ದವು.

ಡಾಕ್ಟರು, “ಇದರ ಕಥೆ ಮುಗೀತು, ಐಸಿಗೆ ಹಾಕಿ” ಅಂದರು.

“ನಿಮ್ಮ ಕುರ್ಚಿ ಮೇಲೆ ಕೂತವರೂ ಹೀಗೇ ಕಾಣ್ತಾರೆ ಡಾಕ್ಟ್ರೇ. ಅವರನ್ನ ಮನೆಗೆ ಕಳಿಸ್ತೀರಲ್ವಾ?” ಅಂದೆ.

ಬೆನ್ನಿನ ರೆಕ್ಕೆಯ ಬುಡದಲ್ಲಿ ಟ್ಯಾಗು ಚುಚ್ಚಿ, ನಿನ್ನ ಉಪಾಯದಂತೆ ಬೇಕರಿಯ ಖಾಲಿ ಕ್ರೇಟನ್ನು ಬೋರಲು ಹಾಕಿ, ಮೂಲೆಗಳಿಗೆ ಸೀಸದ ಗುಂಡು ಕಟ್ಟಿ, ಮೀನನ್ನು ಅದರಡಿ ತೂರಿಸಿ, ಹಗ್ಗ ಬಿಟ್ಟೆವು. ಆಳಕ್ಕೆ ಹೋದಂತೆ ಗಾಳಿಚೀಲ ಕುಗ್ಗಿರಬೇಕು. ಅರ್ಧ ದಾರಿಯಲ್ಲಿ ಹಗ್ಗ ಒಮ್ಮೆ ಜಗ್ಗಿತು. ಎಂಜಿನಿನವನು ನೀರಿಗೆ ಬಗ್ಗಿ, “ಇಳಿದ್ರಾ? ರೈಟ್ ಹೇಳ್ಲಾ?” ಎಂದು ಕಂಡಕ್ಟರನಂತೆ ಕೂಗಿದ. ಕ್ರೇಟು ಖಾಲಿಯಾಗಿ ಮೇಲೆ ಬಂತು.

ಆಮೇಲೆ ಇನ್ನೊಂದು ಸಿಕ್ಕಿತು, ಬಲು ದೊಡ್ಡದು. ಎತ್ತಲು ಮೂವರೂ ಬೇಕಾಯಿತು. ಡಾಕ್ಟರು ಅದರ ಜತೆ ನಿಂತು ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಇಬ್ಬರ ಬಾಯಿಯೂ ತೆರೆದಿದೆ. ಆ ಮೀನಿಗೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದೇವೆ. ಟ್ಯಾಗು ಹಾಕಿಸಿಕೊಂಡು ಅದೂ ಇಳಿದು ಹೋಯಿತು.

ಫೋನಿನಲ್ಲಿ ನಾವಿಬ್ಬರೂ “ಊಟ ಆಯ್ತಾ” ಎಂಬುದನ್ನು ದಾಟಿ ಹೋದದ್ದಿಲ್ಲ. ಅದಕ್ಕೇ ಬರೆದೆ. ನೀನೂ ಬರೆ.

ನಿನ್ನ ಚಿಕ್ಕಮ್ಮ

•

ಫೆಬ್ರವರಿ 20

ಚಿಕ್ಕಮ್ಮನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಡಾಕ್ಟರ ಫೋಟೊ ಪ್ರಯೋಗಾಲಯದ ಗೋಡೆಯ ಮೇಲಿದೆ. ಎಡಗಡೆ ಇರುವುದು ಯಾರು ಎಂದು ಕೆಲವರು ಕೇಳಿದರು.

ಒಂದು ದೂರು. ಟ್ಯಾಗುಗಳ ಜತೆಗಿದ್ದ ನಮೂನೆಯಲ್ಲಿ ‘ಸ್ಥಳ’ ಎಂದು ಕೇಳಿದ ಕಡೆ ನೀನು ‘ಸಮುದ್ರ’ ಎಂದು ಬರೆದು ಕಳಿಸಿದ್ದೀಯ. ಅಷ್ಟು ನನಗೆ ಗೊತ್ತಿತ್ತು.

ಈ ಕೆಲಸದಿಂದ ಏನಾಗಬೇಕು ಎಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ಆಳದಿಂದ ಎಳೆದ ಮೀನನ್ನು ಬಿಟ್ಟರೂ ಅದು ಸಾಯುತ್ತದೆ ಎಂಬುದು ಎಲ್ಲರ ನಂಬಿಕೆ. ಅದು ನಿಜವಾದರೆ, ಮರಿಗಳನ್ನು ಬಿಟ್ಟುಬಿಡಿ ಎಂದು ಯಾರಿಗೂ ಹೇಳುವ ಹಾಗಿಲ್ಲ, ಬಂದದ್ದೆಲ್ಲ ಐಸಿಗೇ. ನಿಜವಲ್ಲ ಎಂದು ತೋರಿಸಲು ನನಗಿರುವ ದಾರಿ ಒಂದೇ. ಟ್ಯಾಗು ಹಾಕಿದ ಒಂದು ಮೀನು ಮತ್ತೆ ಯಾರದಾದರೂ ಗಾಳಕ್ಕೆ ಜೀವಂತ ಸಿಗಬೇಕು. ಒಂದು ಸಾಕು. ವರ್ಷದ ಕೊನೆಯವರೆಗೆ ಅವಕಾಶ ಕೊಟ್ಟಿದ್ದಾರೆ. ನಮ್ಮ ನಿರ್ದೇಶಕರು ಒಳ್ಳೆಯವರು, ಆದರೆ “ಮೀನಿನ ಹೆಜ್ಜೆ ಹುಡುಕೋ ಕೆಲಸ ಇದು” ಎಂದು ನಗುತ್ತಾರೆ. ಸಿಗದಿದ್ದರೆ ಕೆಲಸ ಮುಚ್ಚುತ್ತಾರೆ, ನಾನು ಮುಂದಿನ ಕೋಣೆಗೆ ಹೋಗಿ ಮೊದಲಿನಂತೆ ಸಣ್ಣ ಮೀನುಗಳ ಉದ್ದ ಅಳೆಯುತ್ತೇನೆ. ಅಲ್ಲಿ ಕಿಟಕಿ ದೊಡ್ಡದಿದೆ. ಅಂಥ ನಷ್ಟವೇನಲ್ಲ.

ದೊಡ್ಡಮ್ಮನ ವಿಷಯ. ಮುರು ಮೀನುಗಳೆಲ್ಲ ಹೆಣ್ಣಾಗಿಯೇ ಬಾಳು ಶುರು ಮಾಡುತ್ತವೆ. ವಯಸ್ಸಾಗಿ ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಒಂದು ಬಂಡೆಯ ಗಂಡು ಇಲ್ಲವಾದರೆ ಅಲ್ಲಿನ ಅತಿ ದೊಡ್ಡ ಹೆಣ್ಣು ಕೆಲವು ತಿಂಗಳಲ್ಲಿ ಆ ಸ್ಥಾನಕ್ಕೆ ಬರುತ್ತದೆ. ಹಾಗಾಗಿ ಅಷ್ಟು ದೊಡ್ಡದು ದೊಡ್ಡಮ್ಮನಾಗಿರುವುದು ಅನುಮಾನ.

ನಿನ್ನವಳು

•

ಏಪ್ರಿಲ್ 2

ಕನ್ನಡಕದವಳೇ,

ನಿನ್ನ ಕಾಗದವನ್ನು ದೋಣಿಯಲ್ಲಿ ಗಟ್ಟಿಯಾಗಿ ಓದಿದೆ. ಹೆಣ್ಣು ಗಂಡಾಗುವ ಭಾಗ ಬಂದಾಗ ಡಾಕ್ಟರು ರೀಲು ಸುತ್ತುವುದನ್ನೇ ನಿಲ್ಲಿಸಿದರು.

“ಅಂದ್ರೆ ಯಜಮಾನ ಹೋದ್ರೆ ಯಜಮಾನಿನೇ ಯಜಮಾನ ಆಗ್ತಾಳಾ?” ಅಂದರು.

“ಅದಕ್ಕೆ ಯಜಮಾನ ಹೋಗ್ಬೇಕು ಅಂತೇನಿಲ್ಲ ಡಾಕ್ಟ್ರೇ, ನಮ್ಮನೇಲಿ ನಾನಿರುವಾಗ್ಲೇ ಆಯ್ತು” ಅಂದ ಎಂಜಿನಿನವನು. “ಕೆಲವು ತಿಂಗಳೂ ಹಿಡೀಲಿಲ್ಲ.”

ದೊಡ್ಡಮ್ಮನ ಹೆಸರು ಬದಲಿಸುವುದಿಲ್ಲ. ಗಂಡಾದರೆ ಆಗಲಿ, ಕರೆದ ಹೆಸರು ಕರೆದದ್ದೇ.

ಸ್ಥಳ ಕೇಳಬೇಡ. ನನ್ನ ಅಪ್ಪ ನಿನ್ನ ಅಮ್ಮನಿಗೂ ಹೇಳಿರಲಿಲ್ಲ, ಅವಳು ಹಿರಿಯಳು. ಸಮುದ್ರದ ತಳ ಅಲ್ಲಿ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತದೆ, ಅದಕ್ಕೆ ನಾವು ಮೆಟ್ಟಿಲು ಎನ್ನುತ್ತೇವೆ. ಇಷ್ಟು ಬರೆದದ್ದೇ ಹೆಚ್ಚು.

ಆದರೆ ನಿನ್ನ ಕೆಲಸದಲ್ಲಿ ಕಡಿಮೆ ಮಾಡಿಲ್ಲ. ಎರಡು ತಿಂಗಳಲ್ಲಿ ಟ್ಯಾಗುಗಳು ಬಹುಪಾಲು ಮುಗಿದಿವೆ. ಎರೆ ಮಾರುವ ಅಂಗಡಿಯ ಗೋಡೆಗೆ ಒಂದು ಚಿತ್ರ ಅಂಟಿಸಿದ್ದೇನೆ: ಮೀನು, ಬೆನ್ನಿನ ಮೇಲೆ ಹಳದಿ ಗೆರೆ, ಕೆಳಗೆ ‘ಕಂಡವರು ತಿನ್ನುವ ಮೊದಲು ತಿಳಿಸಿ’. ನನ್ನ ಚಿತ್ರ ನೋಡಿ ಅಂಗಡಿಯವನು, “ಅಕ್ಕಾ, ಈ ಬೆಕ್ಕು ಯಾವಾಗ ಕಳೆದುಹೋಯ್ತು?” ಎಂದ. ಈಗ ಮೀನು ಎಂದು ಬರೆದಿದ್ದೇನೆ.

ಬಿಟ್ಟ ಮೀನುಗಳ ತಂಟೆಗೆ ಯಾರೂ ಹೋಗದಂತೆ ನೋಡಿಕೊಳ್ಳುತ್ತಿದ್ದೇನೆ. ಆ ವಿಷಯದಲ್ಲಿ ನಿಶ್ಚಿಂತೆಯಿಂದಿರು.

ನಿನ್ನ ಚಿಕ್ಕಮ್ಮ

•

ಮೇ 15

ಚಿಕ್ಕಮ್ಮನಿಗೆ,

ಮೀನುಗಳನ್ನು ಕಾಯುತ್ತಿರುವುದಕ್ಕೆ ಸಂತೋಷ. ಹಕ್ಕಿಗಳಿಂದಲೇ ಹೆಚ್ಚು ನಷ್ಟ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನೀನು ದೋಣಿಯ ಹುಟ್ಟು ಬೀಸಿ ಅವುಗಳನ್ನು ಓಡಿಸುತ್ತಿರುವ ಚಿತ್ರ ಕಣ್ಣ ಮುಂದೆ ಬಂತು.

ನೀನು ಐಸಿನಲ್ಲಿ ಕಳಿಸಿದ ಮುರು ಮೀನಿನ ತಲೆಗಳು ತಲುಪಿದವು. ಅಂಚೆಯವನು ಅವನ್ನು ಪ್ರಯೋಗಾಲಯದ ಮೆಟ್ಟಿಲ ಬುಡದಲ್ಲಿಟ್ಟು ದೂರ ಹೋಗಿ ನಿಂತು ಸಹಿ ಕೇಳಿದ. ಒಂದೊಂದು ತಲೆಯಿಂದ ಕಿವಿಯೊಳಗಿನ ಕಲ್ಲು ತೆಗೆದು, ತೆಳುವಾಗಿ ಕೊಯ್ದು, ಸೂಕ್ಷ್ಮದರ್ಶಕದಡಿ ಇಟ್ಟೆ. ಮರದ ಕಾಂಡದಂತೆ ವರ್ಷಕ್ಕೊಂದು ಉಂಗುರ. ಅವುಗಳಲ್ಲಿ ಒಂದು ನನಗಿಂತ ಹಿರಿಯದು. ಅದರ ಉಂಗುರ ಎಣಿಸುವಾಗ ನಾನು ಶಾಲೆ ಸೇರಿದ ವರ್ಷ, ಅಪ್ಪ ಹೋದ ವರ್ಷ ಎಂದು ಮನಸ್ಸಿನಲ್ಲೇ ಗುರುತಿಸಿಕೊಂಡೆ. ಆ ವರ್ಷಗಳಲ್ಲೆಲ್ಲ ಅದು ಅಲ್ಲಿ ಕೆಳಗೆ ಕತ್ತಲಲ್ಲಿ ತನ್ನ ಪಾಡಿಗೆ ತಾನಿತ್ತು. ಇದನ್ನು ವರದಿಯಲ್ಲಿ ಬರೆಯುವಂತಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಟ್ಯಾಗಿನ ಮೀನು ಯಾರಿಗಾದರೂ ಸಿಕ್ಕಿತೇ?

ನಿನ್ನವಳು

•

ಆಗಸ್ಟ್ 3

ಕನ್ನಡಕದವಳೇ,

ಮಳೆಗಾಲಕ್ಕೆ ಸಮುದ್ರ ಕೆಟ್ಟಿತ್ತು, ದೋಣಿಯನ್ನು ಮೇಲೆಳೆದು ಬಣ್ಣ ಹೊಡೆದೆವು. ಕೈ ಖಾಲಿಯಿದ್ದರೂ ಬರೆಯಲಿಲ್ಲ, ಬರೆಯಲು ಸುದ್ದಿ ಇರಲಿಲ್ಲ.

ಒಮ್ಮೆ ಮಾತ್ರ ಗದ್ದಲವಾಯಿತು. ಡಾಕ್ಟರು ದಕ್ಕೆಯ ತುದಿಯಿಂದ, “ಹಳದಿ! ಹಳದಿ!” ಎಂದು ಕೂಗುತ್ತ ಓಡಿ ಬಂದರು. ಮೀನಿನ ಬಾಯಲ್ಲಿ ಹಳದಿ ಇದ್ದದ್ದು ನಿಜ. ಅವರೇ ಹಿಂದಿನ ವಾರ ಕಳೆದುಕೊಂಡ ಪ್ಲಾಸ್ಟಿಕ್ ಎರೆ. ಮರಳಿ ಸಿಕ್ಕಿತೆಂದು ಅದಕ್ಕೂ ಒಂದು ಫೋಟೊ ಆಯಿತು.

ಬೇರೆ ದೋಣಿಯವರನ್ನೂ ಕೇಳುತ್ತಲೇ ಇದ್ದೇನೆ. ಇಲ್ಲ ಎನ್ನುತ್ತಾರೆ. ಮೀನುಗಳು ಇನ್ನೂ ದೂರ ಹೋಗಿಲ್ಲವೇನೋ. ಹುಷಾರಾದ ಮೇಲೆ ತಿರುಗಾಟ ಶುರು ಮಾಡಿದರೆ ಯಾರಿಗಾದರೂ ಸಿಕ್ಕೇ ಸಿಗುತ್ತವೆ.

ನಿನ್ನ ಕಾಗದಗಳು ಬರಬರುತ್ತ ಗಿಡ್ಡವಾಗುತ್ತಿವೆ. ಜುಲೈಯಲ್ಲಿ ಬಂದದ್ದು ಬರೀ ಒಂದು ಸಾಲಿನ ಕಾರ್ಡು, ‘ಏನಾದರೂ ಸಿಕ್ಕಿತೇ’ ಎಂದು. ಚಿಕ್ಕಮ್ಮನಿಗೆ ಅಷ್ಟೂ ತಿಳಿಯುವುದಿಲ್ಲವೇ? ಯಾರವನು? ಕೆಲಸ ಏನು? ಸಮುದ್ರ ಅಂದರೆ ಆಗುತ್ತದೆಯೇ, ಇಲ್ಲ ನಿನ್ನ ಹಾಗೆ ದೋಣಿ ಹತ್ತುವ ಮೊದಲೇ ವಾಂತಿಯೇ?

ನಿನ್ನ ಚಿಕ್ಕಮ್ಮ

•

ಆಗಸ್ಟ್ 19

ಚಿಕ್ಕಮ್ಮನಿಗೆ,

ಯಾರೂ ಇಲ್ಲ. ಮೀನೂ ಇಲ್ಲ. ಎರಡರಲ್ಲಿ ಒಂದಕ್ಕಷ್ಟೇ ಬೇಜಾರು.

ನಿನ್ನವಳು

•

ನವೆಂಬರ್ 12

ಚಿಕ್ಕಮ್ಮನಿಗೆ,

ಬಹಳ ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ನೀನು ಯಾಕೆ ಬರೆಯಲಿಲ್ಲ ಎಂಬುದು ನನಗೆ ಅರ್ಥವಾಗಿದೆ ಎಂದು ತಿಳಿಸಲು ಈ ಕಾಗದ.

ವರದಿಯ ಕರಡು ಬರೆದು ಮುಗಿಸಿದೆ. ಅದರ ಮುಖ್ಯ ವಾಕ್ಯ ಇದು: ‘ಕ್ರೇಟಿನಲ್ಲಿ ಆಳಕ್ಕೆ ಇಳಿಸಿ ಬಿಟ್ಟ ಮೀನುಗಳಲ್ಲಿ ಒಂದೂ ಮರಳಿ ಸಿಕ್ಕಿಲ್ಲ.’ ಇದರ ಅರ್ಥ ನಿನಗೂ ಗೊತ್ತಿರಬೇಕು. ಮುರು ಮೀನು ಮನೆ ಬಿಟ್ಟು ಹೋಗುವ ಜಾತಿಯಲ್ಲ. ತನ್ನ ಬಂಡೆ, ತನ್ನ ಬಿಲ. ಮೊಟ್ಟೆಯಿಡುವ ಕಾಲಕ್ಕೆ ಆಚೆ ಹೋದರೂ ಮತ್ತೆ ಅಲ್ಲಿಗೇ ಬರುತ್ತದೆ. ಬದುಕಿದ್ದರೆ ನೀನು ಬಿಟ್ಟ ಕಡೆಯೇ ಇರುತ್ತದೆ. ನೀನು ವಾರವಾರವೂ ಅಲ್ಲೇ ಗಾಳ ಹಾಕುತ್ತೀಯ. ಇಷ್ಟು ತಿಂಗಳಲ್ಲಿ ಒಂದಾದರೂ ಸಿಗಬೇಕಿತ್ತು. ಸಿಕ್ಕಿಲ್ಲವೆಂದರೆ ಇಲ್ಲ.

ನಿನಗೆ ಇದು ಆಗಲೇ ಗೊತ್ತಾಗಿತ್ತು, ನನಗೆ ನೋವಾಗದಿರಲೆಂದು ದೂರ ಹೋಗಿಲ್ಲ, ತಿರುಗಾಟ ಎಂದೆಲ್ಲ ಬರೆದೆ. ತೇಲಿದ ಸತ್ತ ಮೀನುಗಳನ್ನು ನೀನು ನೋಡಿಯೂ ಇರಬಹುದು. ನನಗೆ ಬೇಸರವಿಲ್ಲ. ಮುಂದಿನ ಕೋಣೆಯಲ್ಲಿ ನನ್ನ ಹಳೆಯ ಮೇಜನ್ನು ಒರೆಸಿ ಇಟ್ಟಿದ್ದಾರೆ. ಅದರ ಡ್ರಾಯರಿನಲ್ಲಿ ಯಾರೋ ಅರ್ಧ ತಿಂದ ಬಿಸ್ಕತ್ತು ಬಿಟ್ಟುಹೋಗಿದ್ದಾರೆ.

ನಿನ್ನವಳು

•

ನವೆಂಬರ್ 17

ಕನ್ನಡಕದವಳೇ,

ನಾನು ಅಲ್ಲಿ ವಾರವಾರವೂ ಗಾಳ ಹಾಕುತ್ತೇನೆಂದು ನಿನಗೆ ಯಾರು ಹೇಳಿದರು?

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೆಟ್ಟಿಲನ್ನು ಒಂದು ತುದಿಯಿಂದ ಹಿಡಿದು, ಒಂದು ಕಡೆ ಬಿಟ್ಟ ಮೇಲೆ ಮುಂದಿನ ಸಲ ಅದರಾಚೆ ಎಂದು ಸರಿಯುತ್ತ ಹೋದೆ. ಏಪ್ರಿಲ್‌ಗೆ ಮೆಟ್ಟಿಲು ಮುಗಿಯಿತು. ಆಮೇಲೆ ಅಲ್ಲಿ ಒಂದು ದಾರವನ್ನೂ ಇಳಿಸಿಲ್ಲ. ಈ ದೋಣಿಯ ರೀತಿ ಅದು. ಅಪ್ಪ ಒಂದು ಮೀನನ್ನು ಬಿಟ್ಟರೆ ಆ ವರ್ಷ ಆ ಜಾಗಕ್ಕೆ ಗಾಳ ಹಾಕುತ್ತಿರಲಿಲ್ಲ. “ಹೋಗು ಅಂತ ಕಳಿಸಿದ ಮೇಲೆ ಬಾಗಿಲು ಬಡೀಬಾರದು” ಅನ್ನುತ್ತಿದ್ದ. ಅವನು ವರ್ಷಕ್ಕೆ ಒಂದೋ ಎರಡೋ ಬಿಡುತ್ತಿದ್ದ, ಜಾಗಕ್ಕೆ ಬರ ಇರಲಿಲ್ಲ. ನಾನು ನಿನ್ನ ಮಾತು ಕೇಳಿ ಮೆಟ್ಟಿಲ ಉದ್ದಕ್ಕೂ ಬಿಟ್ಟೆ, ಇಡೀ ಮೆಟ್ಟಿಲೇ ಕೈತಪ್ಪಿತು. ತಂಟೆಗೆ ಯಾರೂ ಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದದ್ದು ಇದನ್ನೇ. ಹಕ್ಕಿಗಳ ವಿಷಯ ಯಾರು ಎತ್ತಿದರು? ಇಡೀ ವರ್ಷ ದಡದ ಹತ್ತಿರದ ಬಂಡೆಗಳಲ್ಲಿ ಬೆರಳುದ್ದದ ಮೀನು ಹಿಡಿಸುತ್ತ ಡಾಕ್ಟರ ಗೊಣಗಾಟ ಕೇಳಿದ್ದೇನೆ. “ನನ್ನ ಕ್ಲಿನಿಕ್ಕಿನ ಗಾಜಿನ ತೊಟ್ಟೀಲಿ ಇದಕ್ಕಿಂತ ದೊಡ್ಡ ಮೀನಿವೆ” ಅನ್ನುತ್ತಿದ್ದರು.

ನೀನು ‘ಯಾರದಾದರೂ ಗಾಳಕ್ಕೆ’ ಎಂದು ಬರೆದಿದ್ದೆ. ಅವು ಸುತ್ತಾಡಿ ಬೇರೆಯವರಿಗೆ ಸಿಗುತ್ತವೆ ಎಂದುಕೊಂಡೆ. ಮನೆ ಬಿಟ್ಟು ಕದಲುವುದಿಲ್ಲ ಎಂದು ಈಗ ಹೇಳುತ್ತೀಯ. ಮೆಟ್ಟಿಲು ನಮ್ಮ ದೋಣಿಗಲ್ಲದೆ ಬೇರೆ ಯಾವ ದೋಣಿಗೂ ಗೊತ್ತಿಲ್ಲ.

ಎಂಜಿನಿನವನಿಗೆ ನಿನ್ನ ಕಾಗದ ಓದಿ ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ಅಂದ್ರೆ ಅಕ್ಕಾ, ನೀವು ಅವಕ್ಕೆ ತೊಂದ್ರೆ ಆಗ್ಬಾರ್ದು ಅಂತ ಸುಮ್ಮನಿದ್ರಿ. ಅವಳು ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಸುಮ್ಮನಿದ್ಲು. ಮೀನುಗಳು ಮಾತ್ರ ಆರಾಮಾಗಿವೆ” ಅಂದ.

ಸತ್ತ ಮೀನು ಒಂದನ್ನೂ ನಾನು ನೋಡಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ. ನಾನು ಸಿಹಿ ಸುಳ್ಳು ಬರೆಯುವವಳು ಎಂದು ನೀನು ತಿಳಿದದ್ದು ಸ್ವಲ್ಪ ಚುಚ್ಚಿತು, ಇರಲಿ.

ಮಾತು ಕೊಟ್ಟವಳು ನಾನು. ನನ್ನಿಂದ ಅಲ್ಲಿ ಗಾಳ ಹಾಕಲಾಗುವುದಿಲ್ಲ. ಆದರೆ ನೀನು ಯಾವ ಮೀನಿಗೂ ಮಾತು ಕೊಟ್ಟಿಲ್ಲ. ಬಾ, ನೀನು ಹಾಕು.

ನಿನ್ನ ಚಿಕ್ಕಮ್ಮ

•

ನವೆಂಬರ್ 22

ಚಿಕ್ಕಮ್ಮನಿಗೆ,

ಕಾಗದವನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಓದಿದೆ. ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಆ ಕಡೆ ಎಳೆದುಕೊಂಡಳು.

ಚುಚ್ಚಿದ್ದಕ್ಕೆ ಕ್ಷಮಿಸು. ನಾನು ‘ಅಲ್ಲೇ ಗಾಳ ಹಾಕು’ ಎಂದು ಒಮ್ಮೆಯೂ ಬರೆಯಲಿಲ್ಲ. ಅದನ್ನು ಹೇಳುವ ಅಗತ್ಯವಿದೆ ಎಂದೇ ಹೊಳೆಯಲಿಲ್ಲ.

ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರೂ ನಕ್ಕರು. ಆಮೇಲೆ ಬಾಗಿಲು ಮುಚ್ಚಿ, “ನೋಡಮ್ಮ, ನೀನೀಗ ಗೊತ್ತಿಲ್ಲ ಅಂತ ಬರೀಬಹುದು. ಗೊತ್ತಿಲ್ಲ ಅಂದ್ರೆ ಇನ್ನೊಂದು ವರ್ಷ ಕೊಡ್ತಾರೆ. ಹೋಗಿ ಗಾಳ ಹಾಕಿ ಏನೂ ಸಿಗ್ಲಿಲ್ಲ ಅಂದ್ರೆ, ಅವತ್ತಿಗೆ ಮುಗೀತು. ನಾನಾದ್ರೆ ಹೋಗಲ್ಲ” ಅಂದರು.

ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಕಿಟಕಿ ದೊಡ್ಡದು, ನಷ್ಟವಿಲ್ಲ ಎಂದೆಲ್ಲ ನಿನಗೆ ಬರೆದಿದ್ದೆನಲ್ಲ, ಅದು ನಿಜವಲ್ಲ. ಈ ಕೆಲಸ ಬಿಟ್ಟರೆ ನನಗೆ ಬೆಳಿಗ್ಗೆ ಏಳಲು ಅಂಥ ಕಾರಣವಿಲ್ಲ. ಕರಡು ಬರೆದ ದಿನ ಸತ್ತಿವೆ ಎಂದು ಒಪ್ಪಿಕೊಂಡಿದ್ದೆ. ಈಗ ಮತ್ತೆ ಬದುಕಿರಬಹುದು ಎಂದಾದ ಮೇಲೆ, ಹೋಗಿ ನೋಡುವುದು ಬೇಡ ಎನಿಸುತ್ತಿದೆ. ಇನ್ನೊಂದು ವರ್ಷ ಹೀಗೇ ಇರಲಿ ಎನಿಸುತ್ತಿದೆ.

ನೀನೇನು ಹೇಳುತ್ತೀಯ?

ನಿನ್ನವಳು

•

ನವೆಂಬರ್ 28

ಕನ್ನಡಕದವಳೇ,

ನಿನ್ನ ನಿರ್ದೇಶಕರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಅದನ್ನೇ ಮಾಡುತ್ತಿದ್ದೆ ಎಂದು ಈ ವಾರ ತಿಳಿಯಿತು. ಮೆಟ್ಟಿಲ ಮೇಲಿಂದ ದೋಣಿ ಹೋಗುವಾಗಲೆಲ್ಲ ಕೆಳಗೆ ದೊಡ್ಡಮ್ಮ ಇದ್ದಾಳೆ ಎಂದುಕೊಳ್ಳುತ್ತೇನೆ. ಒಳ್ಳೆಯದೆನಿಸುತ್ತದೆ. ಗಾಳ ಹಾಕದಿದ್ದರೆ ಅವಳು ಎಂದೆಂದಿಗೂ ಇರುತ್ತಾಳೆ. ಅಪ್ಪನ ರೀತಿ ಎಂದು ಹೇಳಿದರೆ ಯಾರೂ ಮರುಮಾತಾಡುವುದಿಲ್ಲ.

ಮೊನ್ನೆ ಡಾಕ್ಟರು ಬಂದಿದ್ದರು. ಬೇರೆ ಬಂಡೆಯಲ್ಲಿ, ಸ್ವಲ್ಪ ಆಳದಲ್ಲಿ, ಮರಿ ಮುರು ಸಿಕ್ಕಿತು. ಅವರೇ ಕ್ರೇಟು ತೆಗೆದುಕೊಂಡು, ಅವರೇ ಮೀನನ್ನು ಅದರಡಿ ತೂರಿಸಿ, ಅವರೇ ಹಗ್ಗ ಬಿಟ್ಟರು. ಫೋಟೊ ಕೂಡ ಬೇಡ ಎಂದರು. ಹಗ್ಗ ಸುತ್ತುತ್ತ ನನ್ನ ಕಡೆ ತಿರುಗಿ, “ಬದುಕತ್ತೆ ಅಲ್ವಾ?” ಎಂದು ಕೇಳಿದರು.

“ಬದುಕತ್ತೆ” ಅಂದೆ.

ಅಂದುಬಿಟ್ಟೆ. ಆಮೇಲೆ ಮನೆ ಸೇರುವವರೆಗೆ ಯೋಚನೆ. ಐಸಿಗೆ ಹಾಕಿ ಎನ್ನುತ್ತಿದ್ದ ಮನುಷ್ಯ ನನ್ನ ಮಾತು ನಂಬಿ ತನ್ನ ಮೀನನ್ನು ನೀರಿಗೆ ಬಿಟ್ಟ. ಎರೆ ಅಂಗಡಿಯಲ್ಲಿ ಇನ್ನೂ ಇಬ್ಬರು ಕ್ರೇಟು ಕಟ್ಟುವುದು ಹೇಗೆಂದು ಕೇಳಿದ್ದಾರೆ. ಅವರಿಗೂ ಹೌದು ಎಂದಿದ್ದೇನೆ. ಅದು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅಲ್ಲವಾದರೆ, ಒಂದು ಹೊತ್ತಿನ ಊಟವನ್ನು ಸಮುದ್ರಕ್ಕೆ ಎಸೆಯಿರಿ ಎಂದು ನಾಲ್ಕು ಜನರಿಗೆ ಹೇಳಿಕೊಂಡು ತಿರುಗುತ್ತಿದ್ದೇನೆ ಅಂತ ಆಯಿತು.

ನೀನು ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಕೆಲಸ ನಿನ್ನದು, ನಾನು ದಬ್ಬುವುದಿಲ್ಲ. ಆದರೆ ನನಗೆ ಗೊತ್ತಾಗಬೇಕು. ನೀನು ಬಾರದಿದ್ದರೆ ಮಾತು ಮುರಿದು ನಾನೇ ಹಾಕುತ್ತೇನೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ. ಬೈದು, ದೋಣಿ ಹತ್ತಿ ಕೂರುತ್ತಿದ್ದ.

ನಿನ್ನ ಚಿಕ್ಕಮ್ಮ

•

ಡಿಸೆಂಬರ್ 3

ಚಿಕ್ಕಮ್ಮನಿಗೆ,

ರಜೆ ಬರೆದುಕೊಟ್ಟೆ. ನಿರ್ದೇಶಕರು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದರು. “ಕಾರಣ ಅಂತ ಇರೋ ಕಡೆ ಏನೂ ಬರೆದಿಲ್ವಲ್ಲ?” ಎಂದರು. “ಚಿಕ್ಕಮ್ಮನ ಮನೆಗೆ ಹೋಗ್ತಿದ್ದೀನಿ ಸರ್” ಅಂದೆ. “ಚಿಕ್ಕಮ್ಮನ ಮನೆ ಎಷ್ಟು ಮಾರು ಆಳದಲ್ಲಿದೆ?” ಎಂದು ಕೇಳಿ ಸಹಿ ಹಾಕಿದರು.

ವಾಂತಿಯ ಮಾತ್ರೆ ತೆಗೆದುಕೊಂಡಿದ್ದೇನೆ. ಕೆಲಸ ಮಾಡುತ್ತದೆಂಬ ಭರವಸೆ ಇಲ್ಲ. ಎಂಜಿನಿನವನಿಗೆ ಒಂದು ಬಕೆಟ್ಟು ಖಾಲಿಯಾಗಿಡಲು ಹೇಳು. ಗಾಳಕ್ಕೆ ತುದಿ ಒಳಕ್ಕೆ ಬಾಗಿದ ಕೊಕ್ಕೆಯೇ ಇರಲಿ, ಅದು ಮೀನಿನ ಬಾಯಂಚಿಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಯೊಳಗೆ ಹೋಗುವುದಿಲ್ಲ. ನನಗೆ ರೀಲು ಹಿಡಿಯಲು ಬಾರದು. ಮೀನಿನ ತಲೆಯಿಂದ ಕಿವಿಗಲ್ಲು ತೆಗೆಯಬಲ್ಲೆ, ತಲೆಯನ್ನು ನೀರಿನಿಂದ ತೆಗೆದು ಗೊತ್ತಿಲ್ಲ. ಡಾಕ್ಟರು ಹೇಳಿಕೊಡುವುದಾದರೆ ಅವರೂ ಬರಲಿ. ಆದರೆ ಎಳೆಯುವವಳು ನಾನೇ.

ಮೆಟ್ಟಿಲು ಎಲ್ಲಿದೆ ಎಂದು ವರದಿಯಲ್ಲಿ ಬರೆಯುವುದಿಲ್ಲ. ‘ಸಮುದ್ರ’ ಎಂದರೆ ಸಾಕು ಎಂದು ನಿರ್ದೇಶಕರನ್ನು ಒಪ್ಪಿಸಿದ್ದೇನೆ. ಟ್ಯಾಗಿರುವ ಮೀನು ಬಂದರೆ ಸಂಖ್ಯೆ ಓದಿ, ಉದ್ದ ಅಳೆದು, ಮತ್ತೆ ಕ್ರೇಟಿನಲ್ಲಿ ಇಳಿಸುತ್ತೇವೆ. ಮೊದಲ ದಿನ ಸಿಗದಿದ್ದರೆ ಮಾರನೆಯ ದಿನ. ರಜೆ ಮುಗಿಯುವವರೆಗೆ ಸಮುದ್ರ ಬಿಟ್ಟಷ್ಟು ದಿನ, ಮೆಟ್ಟಿಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

ಹೋಗಿ ನೋಡುವುದು ಬೇಡ ಎಂದು ಈಗಲೂ ಅನಿಸುತ್ತದೆ. ಆದರೂ ತೀರ್ಮಾನ ಮಾಡಿದ್ದೇನೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ, ಭಾನುವಾರ ಗಾಳ ಇಳಿಸುತ್ತೇನೆ. ವಾಪಸು ಬಂದ ಮೇಲೆ ವರದಿಯಲ್ಲಿ ಸಿಕ್ಕಿತು ಎಂದು ಬರೆಯುತ್ತೇನೆ, ಇಲ್ಲವೇ ಹುಡುಕಿದೆವು, ಸಿಗಲಿಲ್ಲ ಎಂದು ಬರೆಯುತ್ತೇನೆ. ಗೊತ್ತಿಲ್ಲ ಎಂದು ಬರೆಯುವುದಿಲ್ಲ.

ನಿನ್ನವಳು